ಸೆಲ್ಫ್ ಲೆವೆಲಿಂಗ್ ಪುಡಿ ಹಾಕಿಸಿ ಮೂರು ಮಳೆಗಾಲ ಆಯ್ತು

ಮೈಸೂರಿನ ನಮ್ಮ ಹಳೇ ಮನೆಯ ಮಲಗುವ ಕೋಣೆಯಲ್ಲಿ ಬೀರುವಿನ ಬಾಗಿಲು ತಾನಾಗೇ ತೆರೆದುಕೊಳ್ಳುತ್ತಿತ್ತು. ಕಾಲಿನ ಕೆಳಗೆ ರಟ್ಟು ಮಡಚಿಟ್ಟು ವರ್ಷಗಟ್ಟಲೆ ಕಳೆದೆವು. ಹತ್ತಡಿಗೆ ಹತ್ತಡಿ ಕೋಣೆ, ರೆಡ್ ಆಕ್ಸೈಡ್ ನೆಲ. ಕಿಟಕಿ ಮೂಲೆ ಒಂದೂವರೆ ಸೆಂಟಿಮೀಟರ್ ತಗ್ಗಿತ್ತು. ಹಳೇ ನೆಲ ಒಡೆದು ಟೈಲ್ಸ್ ಹಾಕೋಕೆ 20,000 ಹತ್ತಿರ ಹೇಳಿದರು. ನನ್ನ ಕೈಯಲ್ಲಿದ್ದದ್ದು 8,000.

ಸುಮ್ನೆ ಸಿಮೆಂಟ್ ಗಾರೆ ಬಳಿದರೆ ಆಗಲ್ವಾ ಅಂತ ಕೇಳಿದೆ. "ಇಷ್ಟು ತೆಳ್ಳಗೆ ಬಳಿದರೆ ಹಿಡಿಯಲ್ಲ ಸಾರ್, ಚಕ್ಕೆ ಏಳುತ್ತೆ" ಅಂದರು ಮೇಸ್ತ್ರಿ. ಹಾಗಾಗಿ ಈ ಸೆಲ್ಫ್ ಲೆವೆಲಿಂಗ್ ಪುಡಿ ತಂದೆ. ನೀರಲ್ಲಿ ಕಲಸಿ ಸುರಿದರೆ ತಾನಾಗೇ ಹರಡಿ ನೆಲ ಸಮ ಮಾಡೋ ಪುಡಿ ಇದು. ಸಿಮೆಂಟು, ಸಣ್ಣ ಮರಳು, ಅಂಟಿನಂತೆ ಹಿಡಿಯೋ ಪಾಲಿಮರ್ ಬೆರೆತದ್ದು. ಒಂದು ಚದರ ಮೀಟರಿಗೆ, ಒಂದು ಮಿಲಿಮೀಟರ್ ದಪ್ಪಕ್ಕೆ ಸುಮಾರು 1.7 ಕೆಜಿ ಬೇಕು. ನಮಗೆ 25 ಕೆಜಿಯ ನಾಲ್ಕು ಚೀಲ ಹಿಡಿಯಿತು. ಚೀಲಕ್ಕೆ 1,150, ನೆಲಕ್ಕೆ ಅಂಟಲಿ ಅಂತ ಮೊದಲು ಬಳಿಯೋ ಪ್ರೈಮರ್ 500, ಕೂಲಿ 1,800. ಒಟ್ಟು 6,900.

ಚೀಲಕ್ಕೆ ಐದು ಲೀಟರ್ ನೀರು. ಹದ ಹೇಗಿರಬೇಕು ಅಂದರೆ ದೋಸೆ ಹಿಟ್ಟಿಗಿಂತ ತೆಳ್ಳಗೆ, ನೀರುದೋಸೆ ಹಿಟ್ಟಿಗಿಂತ ಗಟ್ಟಿ. ಕಲಸಿದ ಮೇಲೆ ಇಪ್ಪತ್ತು ನಿಮಿಷದಲ್ಲಿ ಸುರಿದು ಮುಗಿಸಬೇಕು. ಚೀಲದ ಮೇಲೆ 10 ಮಿಲಿಮೀಟರ್ ಮೀರಬೇಡಿ ಅಂತ ಬರೆದಿತ್ತು. ಅದಕ್ಕೆ ಆಳದ ಮೂಲೆಯನ್ನು ಹಿಂದಿನ ದಿನವೇ ಸ್ವಲ್ಪ ತುಂಬಿಸಿದೆವು. ಮರುದಿನ ಸುರಿದದ್ದು ತಾನಾಗೇ ಹರಡಿ ಕೂತಿತು. ನಾಲ್ಕು ಗಂಟೆಯಲ್ಲಿ ಮೇಲೆ ಓಡಾಡಿದೆವು.

ಈಗ ತೊಂದರೆಗಳಿಗೆ ಬರುತ್ತೇನೆ. ಆರು ತಿಂಗಳಾದ ಮೇಲೆ ಬಾಗಿಲ ಹತ್ತಿರ ಒಂದು ತಟ್ಟೆಯಷ್ಟು ಜಾಗ ತಟ್ಟಿದರೆ ಟೊಳ್ಳು ಶಬ್ದ ಬಂತು. ಆಮೇಲೆ ಬಿಟ್ಟೇ ಹೋಯಿತು. ಕೆರೆದು ನೋಡಿದರೆ ಅಡಿಯಲ್ಲಿ ಹಳೇ ಮೇಣದ ಪಾಲಿಶ್ ಹಾಗೇ ಮಿಂಚುತ್ತಿದೆ! ಅಮ್ಮ ನಲವತ್ತು ವರ್ಷ ಉಜ್ಜಿದ ನೆಲ ಅದು. ಮೇಣದ ಮೇಲೆ ಪ್ರೈಮರ್ ಹಿಡಿಯೋದಿಲ್ಲ. ಕೋಣೆಯ ಉಳಿದ ಭಾಗವನ್ನು ಉಜ್ಜುಗಲ್ಲಿನಿಂದ ಒರಟು ಮಾಡಿದ್ದೆವು, ಅಲ್ಲೆಲ್ಲ ಗಟ್ಟಿಯಾಗಿ ಕೂತಿದೆ. ಬಾಗಿಲ ಹತ್ತಿರ ಊಟದ ಹೊತ್ತಾಯಿತು ಅಂತ ಬಿಟ್ಟದ್ದು ನಾನೇ. ಇನ್ನೊಂದು ಕಡೆ ಮೇಲ್ಪದರ ಪುಡಿಪುಡಿ. ಕೊನೆಯ ಚೀಲ ಬೇಗ ಗಟ್ಟಿಯಾಗುತ್ತಿದೆ ಅಂತ ಒಂದು ಚೊಂಬು ನೀರು ಜಾಸ್ತಿ ಹಾಕಿದ್ದರ ಫಲ.

ಇದನ್ನು ಹಾಗೇ ಬರಿ ನೆಲವಾಗಿ ಬಿಡೋಕೂ ಆಗಲ್ಲ. ಬೂದು ಬಣ್ಣ, ಕಲೆ ಹಿಡಿಯುತ್ತೆ, ಮಂಚ ಎಳೆದರೆ ಗೆರೆ ಬೀಳುತ್ತೆ. ಆಮೇಲೆ 2,200ಕ್ಕೆ ವಿನೈಲ್ ಶೀಟ್ ಹಾಸಿದೆ. ಅಲ್ಲಿಗೆ ನನ್ನ ಎಂಟು ಸಾವಿರದ ಲೆಕ್ಕ ಮೀರಿಹೋಯಿತು. ನೆಲ ಎತ್ತರವಾಗಿ ಕೋಣೆಯ ಬಾಗಿಲು ಉಜ್ಜುತ್ತಿತ್ತು, ಅಡಿಭಾಗ ಕೀಸಿಸಿದ ಖರ್ಚು ಬೇರೆ.

ಒಂದು ವಿಷಯ ನಾನು ಯೋಚನೆಯೇ ಮಾಡಿರಲಿಲ್ಲ. ಹಳೇ ನೆಲದ ಇಳಿಜಾರು ಅಷ್ಟೂ ಕುಸಿತ ಅಲ್ಲ. ನೀರು ಹೊಯ್ದು ತೊಳೆಯಲಿ ಅಂತ ಸ್ವಲ್ಪ ಬೇಕಂತಲೇ ಕೊಟ್ಟಿದ್ದರು. ಈಗ ನೀರು ಚೆಲ್ಲಿದರೆ ನಿಂತಲ್ಲೇ ನಿಲ್ಲುತ್ತೆ, ಒರೆಸಬೇಕು ಅಷ್ಟೇ. ಬಚ್ಚಲಿಗಂತೂ ಇದನ್ನು ಹಾಕಲೇಬೇಡಿ.

ಮೂರು ಮಳೆಗಾಲ ಕಳೆದರೂ ಬಿರುಕು ಬಿಟ್ಟಿಲ್ಲ. ಬೀರುವಿನ ಕೆಳಗಿನ ರಟ್ಟು ತೆಗೆದಾಯಿತು. ಐದಕ್ಕೆ ಮೂರೂವರೆ ಕೊಡ್ತೀನಿ. ಹಾಲ್‌ಗೂ ಹಾಕಿಸೋಣ ಅಂದರೆ ಅಮ್ಮ ಒಪ್ಪುತ್ತಿಲ್ಲ. ಆ ಕೆಂಪು ನೆಲ ಮುಚ್ಚೋದು ಅವರಿಗೆ ಬೇಡವಂತೆ.