ಮೂರು ವರ್ಷ ಈಜಿನ ವಾಚು ಕಟ್ಟಿಕೊಂಡ ಮೇಲೆ: ಎಣಿಕೆ ಸರಿ, ಅಳತೆ ನಮ್ಮ ಕೈಲಿ

ಹದಿನಾಲ್ಕೋ, ಹದಿನಾರೋ? ಪೂಲಿನಲ್ಲಿ ಉದ್ದುದ್ದ ಈಜುವವರಿಗೆಲ್ಲ ಈ ಅನುಮಾನ ಗೊತ್ತು. ಈ ಗೋಡೆಯಿಂದ ಆ ಗೋಡೆಗೆ ಈಜಿದರೆ ಒಂದು ಲೆಂಗ್ತ್, ಎಣಿಸುವುದು ಅದನ್ನೇ. ಹೊರಟ ಗೋಡೆಗೆ ವಾಪಸ್ ಬಂದಾಗ ಎಣಿಕೆ ಯಾವಾಗಲೂ ಸರಿಸಂಖ್ಯೆ. ಹಾಗಾಗಿ ಹದಿನೈದು ಅಲ್ಲ ಅನ್ನುವುದು ಮಾತ್ರ ಖಾತ್ರಿ. ಆದರೆ ತಪ್ಪಿದರೆ ಒಂದಲ್ಲ, ಎರಡು ತಪ್ಪುತ್ತದೆ. 25 ಮೀಟರ್ ಪೂಲಿನಲ್ಲಿ ಅದು 50 ಮೀಟರ್. ಆಫೀಸಿನ ಯಾವುದೋ ವಿಷಯ ತಲೆಗೆ ಬಂತೋ, ಎಣಿಕೆ ಹೋಯಿತು.

ವಾಚಿಗೂ ಮುಂಚೆ ನಾನು ಬೆರಳಿಗೆ ಹಾಕಿಕೊಳ್ಳುವ ಕೌಂಟರ್ ಬಳಸುತ್ತಿದ್ದೆ. ಉಂಗುರದ ಥರ ಇರುತ್ತದೆ, ಗೋಡೆ ಮುಟ್ಟಿದಾಗೆಲ್ಲ ಹೆಬ್ಬೆರಳಿನಲ್ಲಿ ಬಟನ್ ಒತ್ತಬೇಕು. ಚೆನ್ನಾಗಿಯೇ ಇತ್ತು. ಆದರೆ ಒತ್ತಿದೆನೋ ಇಲ್ಲವೋ ಅನ್ನುವ ಹೊಸ ಅನುಮಾನ ಶುರುವಾಯಿತು. ಹದಿನಾಲ್ಕೋ ಹದಿನಾರೋ ಅನ್ನುವುದಕ್ಕಿಂತ ಅದೇನೂ ಮೇಲಲ್ಲ. ಆಮೇಲೆ ವಾಚು ಬಂತು. ವಾರಕ್ಕೆ ಮೂರು ನಾಲ್ಕು ದಿನದ ಲೆಕ್ಕದಲ್ಲಿ ಮೂರು ವರ್ಷ ಆಗಿದೆ. ಕಂಪನಿ ಹೆಸರು ಹೇಳುವುದಿಲ್ಲ. ಪೂಲಿನಲ್ಲಿ ದೂರ ಲೆಕ್ಕ ಹಾಕುವ ರೀತಿ ಇಂಥ ವಾಚುಗಳಲ್ಲೆಲ್ಲ ಹೆಚ್ಚುಕಡಿಮೆ ಒಂದೇ.

ಆ ರೀತಿ ಏನು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ನನಗದು ತಡವಾಗಿ ಅರ್ಥವಾಯಿತು. ಓಡುವಾಗ ವಾಚು ಜಿಪಿಎಸ್‌ನಿಂದ ದೂರ ತಿಳಿದುಕೊಳ್ಳುತ್ತದೆ. ನೀರಿನೊಳಗೆ ಆ ಸಿಗ್ನಲ್ ಬರುವುದಿಲ್ಲ, ಮೇಲೆ ಸೂರು ಬೇರೆ ಇದ್ದರೆ ಕೇಳುವುದೇ ಬೇಡ. ಹಾಗಾಗಿ ಪೂಲ್ ಮೋಡ್‌ನಲ್ಲಿ ಜಿಪಿಎಸ್ ಆಟಕ್ಕೇ ಇಲ್ಲ. ಕೈ ಹೇಗೆ ಆಡುತ್ತಿದೆ ಅನ್ನುವುದನ್ನು ಒಳಗಿನ ಸೆನ್ಸರ್‌ಗಳು ಗಮನಿಸುತ್ತಾ ಇರುತ್ತವೆ. ಕೈ ಒಂದೇ ಲಯದಲ್ಲಿ ಬೀಸುತ್ತಿರುತ್ತದೆ, ಗೋಡೆ ಹತ್ತಿರ ಆ ಲಯ ಮುರಿಯುತ್ತದೆ, ಕಾಲಲ್ಲಿ ಒದ್ದು ಜಾರುತ್ತೇವೆ, ಮತ್ತೆ ಲಯ ಶುರು. ಅಷ್ಟಾದರೆ ಒಂದು ಲೆಂಗ್ತ್ ಆಯಿತು ಅಂತ ಬರೆದುಕೊಳ್ಳುತ್ತದೆ. ಆಮೇಲೆ ಅದನ್ನು ಪೂಲಿನ ಉದ್ದದಿಂದ ಗುಣಿಸುತ್ತದೆ. ಆ ಉದ್ದ ಎಷ್ಟು ಅಂತ ಹೇಳಿದವರು ಯಾರು? ನಾವೇ.

ಶುರುವಿನಲ್ಲಿ ನನಗೆ ಎಣಿಕೆ ಮೇಲೇ ನಂಬಿಕೆ ಇರಲಿಲ್ಲ. ಒಂದು ಭಾನುವಾರ ಅಕ್ಕನ ಮಗಳನ್ನು ದಡದಲ್ಲಿ ಕೂರಿಸಿ, ಕೈಗೆ ನೋಟ್‌ಬುಕ್ಕು ಕೊಟ್ಟು, ಪ್ರತಿ ಗೋಡೆಗೂ ಒಂದು ಗೀಟು ಹಾಕಲು ಹೇಳಿದೆ. ಫ್ರೀಸ್ಟೈಲ್‌ನಲ್ಲಿ 40 ಗೀಟು, ವಾಚಿನಲ್ಲೂ 40. ಖುಷಿಯಾಯಿತು. ಆಮೇಲೆ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಆರಾಮಾಗಿ 20 ಹೊಡೆದೆ. ವಾಚು 17 ಅಂತು. "ಮಾಮ, ನಿಮ್ಮ ವಾಚಿಗೂ ನನ್ನ ಥರಾನೇ ನಿದ್ದೆ ಬಂತು ಅನ್ಸುತ್ತೆ" ಅಂದಳು. ಮುಂದಿನ ಭಾನುವಾರ ಕರೆದರೆ ಬರಲಿಲ್ಲ.

ನಿದ್ದೆ ಬಂದದ್ದು ವಾಚಿಗಲ್ಲ, ನನ್ನ ಕಾಲಿಗೆ. ಸುಸ್ತಾದಾಗ ನಾನು ಗೋಡೆ ಒದೆಯುತ್ತಲೇ ಇರಲಿಲ್ಲ. ಕೈಯಲ್ಲಿ ಸುಮ್ನೆ ಮುಟ್ಟಿ, ತಿರುಗಿ, ಅಲ್ಲಿಂದಲೇ ಕೈ ಹೊಡೆಯಲು ಶುರು. ಲಯ ಮುರಿಯದಿದ್ದರೆ ವಾಚಿಗೆ ಗೋಡೆ ಬಂದದ್ದೇ ತಿಳಿಯುವುದಿಲ್ಲ, ಎರಡು ಲೆಂಗ್ತ್ ಸೇರಿ ಒಂದಾಗುತ್ತದೆ. ಇದರ ಉಲ್ಟಾನೂ ಉಂಟು. ಮುಂದಿನವರು ನಿಧಾನ ಅಂತ ನಡುನೀರಿನಲ್ಲಿ ನಿಂತು, ಗಾಗಲ್ಸ್‌ಗೆ ಹೊಕ್ಕ ನೀರು ಚೆಲ್ಲಿ, ಮತ್ತೆ ಹೊರಟರೆ ವಾಚಿಗೆ ಅದೂ ಒಂದು ಗೋಡೆಯೇ. ಒಂದು ಲೆಂಗ್ತ್ ಪುಕ್ಕಟೆ. ಅರ್ಧ ದಾರಿಯಲ್ಲಿ ಫ್ರೀಸ್ಟೈಲ್ ಬಿಟ್ಟು ಬ್ರೆಸ್ಟ್‌ಸ್ಟ್ರೋಕ್‌ಗೆ ಹೊರಳಿದರೂ ಹಾಗೇ ಆಗುವುದುಂಟು.

ಅವತ್ತಿನಿಂದ ಗೋಡೆಗೆ ಬಂದಾಗ ಎರಡೂ ಕಾಲು ಊರಿ ಗಟ್ಟಿಯಾಗಿ ಒದ್ದು, ಕೈ ಮುಂದೆ ಚಾಚಿ, ಒಂದೆರಡು ಸೆಕೆಂಡು ಹಾಗೇ ಜಾರುತ್ತೇನೆ. ಪೂಲಿನ ತಳದ ಕಪ್ಪು ಗೆರೆ ತುದಿಯಲ್ಲಿ ಇಂಗ್ಲಿಷಿನ 'ಟಿ' ಥರ ಅಡ್ಡಕ್ಕೆ ಮುಗಿಯುತ್ತದಲ್ಲ, ಆ ಅಡ್ಡಗೆರೆ ದಾಟುವ ತನಕ ಕೈ ಹೊಡೆಯುವುದಿಲ್ಲ ಅಂತ ನನಗೆ ನಾನೇ ನಿಯಮ ಹಾಕಿಕೊಂಡೆ. ವಾಚಿಗೆ ಅರ್ಥವಾಗಲಿ ಅಂತ ಮಾಡಿದ್ದು. ಆದರೆ ವರ್ಷಗಟ್ಟಲೆ ಕೋಚ್ ಬಾಯಿ ನೋಯುವಷ್ಟು ಹೇಳಿದರೂ ಸರಿಹೋಗದ ನನ್ನ ಟರ್ನ್ ಎರಡೇ ತಿಂಗಳಲ್ಲಿ ಸರಿಹೋಯಿತು. ಅವರಿಗೆ ಈ ಗುಟ್ಟು ಇನ್ನೂ ಹೇಳಿಲ್ಲ.

ಇನ್ನು ಉದ್ದದ ವಿಷಯ. ನಾನು ಏಟು ತಿಂದದ್ದು ಇಲ್ಲೇ. ಆಗ ಹೋಗುತ್ತಿದ್ದ ಪೂಲಿನಲ್ಲಿ "ಉದ್ದ ಎಷ್ಟು?" ಅಂತ ಕೇಳಿದ್ದಕ್ಕೆ "25 ಇರಬೇಕು" ಅಂದರು. ನಾನೂ 25 ಅಂತಲೇ ಹಾಕಿದೆ. ಐದು ತಿಂಗಳು ಕಳೆದ ಮೇಲೆ ಬೇರೆ ಪೂಲಿನಲ್ಲಿ ಈಜಿದರೆ ಒಂದೊಂದು ಲೆಂಗ್ತ್‌ಗೂ ಮೂರು ನಾಲ್ಕು ಸೆಕೆಂಡು ಜಾಸ್ತಿ ಬರುತ್ತಿದೆ. ಮೈ ಸರಿ ಇಲ್ಲವೇನೋ ಅಂದುಕೊಂಡೆ. ಮಾರನೇ ದಿನವೂ ಅಷ್ಟೇ. ಆಗ ತಲೆಗೆ ಹೊಳೆಯಿತು. ಅಳತೆ ಟೇಪು ತೆಗೆದುಕೊಂಡು ಹಳೇ ಪೂಲಿಗೆ ಹೋದೆ. ಒಂದು ತುದಿ ಲೈಫ್‌ಗಾರ್ಡ್ ಹಿಡಿದುಕೊಂಡರು, ಇನ್ನೊಂದು ತುದಿ ನಾನು. ಒದ್ದೆ ಅಂಚಿನ ಮೇಲೆ ಟೇಪು ಎಳೆದು ನೋಡಿದರೆ 22 ಮೀಟರ್. "ಇನ್ನೊಂದ್ಸಲ ನೋಡೋಣ ಸಾರ್" ಅಂದರು. ನೋಡಿದೆವು. 22 ಮೀಟರೇ.

ಅಂದರೆ 40 ಲೆಂಗ್ತ್‌ಗೆ 1000 ಅಲ್ಲ, 880 ಮೀಟರ್. ಐದು ತಿಂಗಳು ನಾನು ಈಜಿದ ಒಂದೊಂದು ಕಿಲೋಮೀಟರ್‌ನಲ್ಲೂ 120 ಮೀಟರ್ ಗಾಳಿ. ಎಣಿಸುವುದರಲ್ಲಿ ವಾಚು ತಪ್ಪೇ ಮಾಡಿರಲಿಲ್ಲ, ಅಷ್ಟೂ ದಿನ ನಿಷ್ಠೆಯಿಂದ ಎಣಿಸಿತ್ತು. ಅದನ್ನು ಬೈಯುವ ಹಾಗೂ ಇರಲಿಲ್ಲ.

ಹಾಗಾಗಿ ಹೊಸದಾಗಿ ಕೊಂಡವರು ಮೊದಲು ನೋಡಬೇಕಾದ್ದು ಪೂಲ್ ಸೈಜ್ ಸೆಟ್ಟಿಂಗ್. ಮೀಟರೋ ಗಜವೋ ಅಂತಲೂ ನೋಡಿ. 25 ಗಜ ಅಂದರೆ 22.86 ಮೀಟರ್. ನಿಮ್ಮ ಪೂಲಿನ ಉದ್ದ ಪಟ್ಟಿಯಲ್ಲಿ ಇಲ್ಲದಿದ್ದರೆ ಬೇರೆಯಾಗಿ ಹಾಕುವ ಆಯ್ಕೆ ಇದೆಯಾ ಅಂತ ಕೊಳ್ಳುವ ಮುಂಚೆಯೇ ವಿಚಾರಿಸಿ. ನನ್ನದರಲ್ಲಿ ಇದೆ, ಅದೊಂದು ಪುಣ್ಯ. 50 ಮೀಟರ್ ಪೂಲಿಗೆ ಹೋದ ದಿನ ಬದಲಾಯಿಸಲು ಮರೆತು, ಈಜಿದ್ದರಲ್ಲಿ ಅರ್ಧ ಮಾತ್ರ ಬರೆಸಿಕೊಂಡು ಬಂದದ್ದೂ ಆಗಿದೆ.

ಕಿಕ್‌ಬೋರ್ಡ್ ಅನ್ನುವ ತೇಲುವ ಹಲಗೆ ಹಿಡಿದು ಬರೀ ಕಾಲು ಬಡಿಯುವಾಗ ನನ್ನ ವಾಚು ಕುರುಡು. ಕೈ ಅಲ್ಲಾಡದಿದ್ದರೆ ಅದರ ಪಾಲಿಗೆ ನಾವು ನಿಂತಿದ್ದೇವೆ ಅಂತಲೇ ಲೆಕ್ಕ. ಇದಕ್ಕೆ ಡ್ರಿಲ್ ಅಂತ ಒಂದು ಮೋಡ್ ಇದೆ. ಕಿಕ್ ಮುಗಿದ ಮೇಲೆ ಎಷ್ಟು ದೂರ ಅಂತ ನಾವೇ ತುಂಬಬೇಕು. ಒದ್ದೆ ಬೆರಳಲ್ಲಿ, ಏದುಸಿರು ಬಿಡುತ್ತಾ, ಹಿಂದಿನವರು ಕಾಯುತ್ತಿರುವಾಗ. ನಾನು ಈಗ ಕಿಕ್ ಅನ್ನು ಕೊನೆಗೆ ಇಟ್ಟುಕೊಂಡು, 200 ಮೀಟರ್ ಅಂತ ಒಂದೇ ಸಲ ತುಂಬುತ್ತೇನೆ. ಪುಲ್ ಬಾಯ್ ಅನ್ನುವ ತೇಲುವ ಫೋಮ್ ತುಂಡನ್ನು ಕಾಲ ಸಂದಿಯಲ್ಲಿ ಇಟ್ಟುಕೊಂಡು ಈಜಿದರೆ ತೊಂದರೆಯಿಲ್ಲ, ಕೈ ಆಡುತ್ತದಲ್ಲ.

ಬಟನ್ ಇರುವ ವಾಚನ್ನೇ ತೆಗೆದುಕೊಳ್ಳಿ ಅನ್ನುವುದು ನನ್ನ ಮಾತು. ಒದ್ದೆ ಗಾಜಿಗೆ ನೀರು ಯಾವುದು, ಬೆರಳು ಯಾವುದು ಅಂತ ತಿಳಿಯುವುದಿಲ್ಲ. ಗೋಡೆ ಹತ್ತಿರ ನಿಂತಾಗ ಬಟನ್ ಒತ್ತಿದರೆ ರೆಸ್ಟ್ ಶುರು, ಹೊರಡುವಾಗ ಇನ್ನೊಮ್ಮೆ ಒತ್ತಿದರೆ ಸೆಟ್, ಅಂದರೆ ಈಜಿನ ಮುಂದಿನ ಕಂತು, ಶುರು. ತಾನಾಗಿಯೇ ರೆಸ್ಟ್ ಗುರುತಿಸುವ ಆಯ್ಕೆಯೂ ಇದೆ, ಆದರೆ ನಾನು ಹತ್ತೇ ಸೆಕೆಂಡು ನಿಲ್ಲುವವನು. ಅಷ್ಟು ಚಿಕ್ಕ ರೆಸ್ಟ್ ಅದಕ್ಕೆ ಕೆಲವು ಸಲ ಕಾಣುವುದಿಲ್ಲ.

ಸ್ಟ್ರೋಕ್ ಸಂಖ್ಯೆ ನೋಡಿ ಮೊದಲ ದಿನ ಬೀಗಿದ್ದೆ: ಒಂದು ಲೆಂಗ್ತ್‌ಗೆ ಬರೀ 11! ವಾಚು ಕಟ್ಟಿದ ಕೈಯನ್ನು ಮಾತ್ರ ಅದು ಎಣಿಸುತ್ತದೆ ಅಂತ ಆಮೇಲೆ ಗೊತ್ತಾಯಿತು. ಫ್ರೀಸ್ಟೈಲ್‌ನಲ್ಲಿ ಎರಡೂ ಕೈ ಸೇರಿದರೆ 22. ವಾಚು ಎಣಿಸಿದ ಸ್ಟ್ರೋಕ್ ಸಂಖ್ಯೆಗೆ ಲೆಂಗ್ತ್‌ಗೆ ಹಿಡಿದ ಸೆಕೆಂಡು ಕೂಡಿಸಿದರೆ ಬರುವುದು ಸ್ವಾಲ್ಫ್. ಕಡಿಮೆಯಾದಷ್ಟೂ ಒಳ್ಳೆಯದು. ಆದರೆ 25 ಮೀಟರ್ ಪೂಲಿನ ಸ್ವಾಲ್ಫ್ ಅನ್ನು 50 ಮೀಟರಿನದರ ಜೊತೆ ಹೋಲಿಸುವ ಹಾಗಿಲ್ಲ, ಪಕ್ಕದ ಲೇನಿನವರ ಜೊತೆ ಹೋಲಿಸಿದರೂ ಪ್ರಯೋಜನವಿಲ್ಲ. ಎತ್ತರದವರು ಕಡಿಮೆ ಕೈ ಹೊಡೆಯುತ್ತಾರೆ, ಅಷ್ಟೇ.

ಎದೆಬಡಿತದ ಅಂಕಿ ನೋಡುವುದನ್ನು ಬಿಟ್ಟಿದ್ದೇನೆ. ವಾಚಿಗೂ ಚರ್ಮಕ್ಕೂ ಮಧ್ಯೆ ನೀರು ನುಗ್ಗಿದರೆ ಏನೇನೋ ತೋರಿಸುತ್ತದೆ. ಪಟ್ಟಿಯನ್ನು ಇನ್ನೊಂದು ತೂತು ಬಿಗಿ ಮಾಡಿದರೆ ಸ್ವಲ್ಪ ವಾಸಿ.

ಬಾಳಿಕೆ ವಿಷಯ ಹೇಳುವುದಾದರೆ, ಎರಡನೇ ವರ್ಷ ಪಟ್ಟಿ ತೂತಿನ ಹತ್ತಿರ ಬಿರುಕು ಬಿಟ್ಟಿತು, ಬದಲಾಯಿಸಿದೆ. ಒಂದು ಬಟನ್ ಬಿಗಿಯಾಗಿತ್ತು. ತಪ್ಪು ನನ್ನದೇ, ಕ್ಲೋರಿನ್ ನೀರನ್ನು ತೊಳೆಯದೆ ಹಾಗೇ ಬ್ಯಾಗಿಗೆ ಹಾಕುತ್ತಿದ್ದೆ. ಈಗ ಪೂಲಿನಿಂದ ಬಂದ ಕೂಡಲೇ ನಲ್ಲಿ ಕೆಳಗೆ ಹಿಡಿಯುತ್ತೇನೆ. ಸೋಪು ಮಾತ್ರ ಹಚ್ಚಬೇಡಿ, ನೀರು ತಡೆಯುವ ರಬ್ಬರಿಗೆ ಅದು ಒಳ್ಳೆಯದಲ್ಲ. ಹಿಂಬದಿಯಲ್ಲಿ '50 ಮೀಟರ್' ಅಂತ ಬರೆದಿರುತ್ತದೆ. ಅದು ನಿಂತ ನೀರಿನಲ್ಲಿ ಅಷ್ಟು ಆಳದ ಒತ್ತಡ ತಡೆಯುತ್ತದೆ ಅಂತ, ಕಟ್ಟಿಕೊಂಡು ಅಷ್ಟು ಆಳಕ್ಕೆ ಮುಳುಗಬಹುದು ಅಂತಲ್ಲ. ಪೂಲಿಗೆ ಧಾರಾಳವಾಯಿತು.

ದಿನಕ್ಕೆ ಹತ್ತಿಪ್ಪತ್ತು ಲೆಂಗ್ತ್ ಬ್ರೆಸ್ಟ್‌ಸ್ಟ್ರೋಕ್ ಮಾಡಿ ಹೋಗುವವರಿಗೆ ಇದು ಬೇಕಿಲ್ಲ, ಬೆರಳಿನ ಕೌಂಟರೇ ಸಾಕು. ಸಾವಿರ ಮೀಟರ್ ದಾಟಿಸುವವರಿಗೆ, ಸೆಟ್ ಹಾಕಿಕೊಂಡು ಈಜುವವರಿಗೆ ಕಣ್ಣುಮುಚ್ಚಿ ಹೇಳುತ್ತೇನೆ, ತೆಗೆದುಕೊಳ್ಳಿ. ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಕಿಕ್‌ಬೋರ್ಡ್‌ಗೆ ಹೋಯಿತು.

ಇಷ್ಟಾದರೂ ಮನಸ್ಸಿನಲ್ಲಿ ಎಣಿಸುವುದನ್ನು ನಾನು ಬಿಟ್ಟಿಲ್ಲ. ನಾಲ್ಕು ನಾಲ್ಕರ ಗುಂಪು ಮಾಡಿಕೊಂಡು ಎಣಿಸುತ್ತೇನೆ. ಮೊನ್ನೆ 1500 ಮೀಟರ್ ಅಂತ ಹೊರಟಿದ್ದೆ, 60 ಲೆಂಗ್ತ್. ವಾಚು 60 ಅಂತು, ನನ್ನ ಲೆಕ್ಕದಲ್ಲಿ 58. ನಡುವೆ ಒಂದು ಸಲ ಗಾಗಲ್ಸ್ ಸರಿ ಮಾಡಿಕೊಂಡ ನೆನಪಿತ್ತು, ಎರಡು ಸಲವೋ ಏನೋ. ಹೋಗಲಿ ಅಂತ ಇನ್ನೆರಡು ಈಜಿದೆ. ವಾಚಿನಲ್ಲಿ 1550 ಅಂತ ಇದೆ. ಅದನ್ನಿನ್ನೂ ತಿದ್ದಿಲ್ಲ.