ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್: ಬೋಲ್ಟ್ ಬಿಚ್ಚಿ ಇಳಿಸುವುದೋ, ಯಂತ್ರ ಹಚ್ಚಿ ಬದಲಿಸುವುದೋ?

ದಾವಣಗೆರೆಯಲ್ಲಿರುವ ನನ್ನ ಕಾರು ಮತ್ತು ಚಿತ್ರದುರ್ಗದಲ್ಲಿರುವ ನನ್ನ ಭಾವನ ಕಾರು ಎರಡೂ ಒಂದೇ ಮಾದರಿಯವು: ಆರು ಗೇರಿನ, ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಇರುವ ಡೀಸೆಲ್ ಹ್ಯುಂಡೈ ಕ್ರೆಟಾ. ಎರಡೂ ಲಕ್ಷ ಕಿಲೋಮೀಟರಿನ ಆಸುಪಾಸಿಗೆ ಬಂದಿದ್ದವು. ಗೇರ್‌ಬಾಕ್ಸ್ ಆಯಿಲ್ ಜೀವಮಾನವಿಡೀ ಬಾಳುತ್ತದೆ ಎಂಬ ಮಾತನ್ನು ನಾವಿಬ್ಬರೂ ನಂಬಲಿಲ್ಲ. ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗಳನ್ನೇ ತಯಾರಿಸುವ ಜರ್ಮನಿಯ ಝಡ್‌ಎಫ್ ಕಂಪನಿ ತನ್ನ ಗೇರ್‌ಬಾಕ್ಸ್‌ಗಳಿಗೆ 80,000ದಿಂದ 1,20,000 ಕಿಲೋಮೀಟರಿನೊಳಗೆ ಅಥವಾ 8 ವರ್ಷಕ್ಕೊಮ್ಮೆ ಆಯಿಲ್ ಬದಲಿಸಲು ಹೇಳುತ್ತದೆ. ಏಪ್ರಿಲ್ ತಿಂಗಳಲ್ಲಿ ಪಿ.ಬಿ. ರಸ್ತೆಯ ಸಿಗ್ನಲ್‌ಗಳಲ್ಲಿ ಎಸಿ ಹಾಕಿಕೊಂಡು ನಿಲ್ಲುವ ಕಾರಿಗೆ ಆ ಮಾತು ಇನ್ನಷ್ಟು ಅನ್ವಯಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ನಾನು ಡ್ರೈನ್ ಬೋಲ್ಟ್ ಬಿಚ್ಚಿ ಇಳಿಸಿ ತುಂಬಿಸುವ ದಾರಿ ಹಿಡಿದೆ. ಭಾವ ಯಂತ್ರದ ಮೂಲಕ ಒಮ್ಮೆಗೇ ಬದಲಿಸುವ ದಾರಿ ಆರಿಸಿಕೊಂಡರು. ಎರಡೂ ಕೆಲಸಗಳ ಹೊತ್ತಿನಲ್ಲಿ ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ.

ಬೋಲ್ಟ್ ಬಿಚ್ಚುವ ವಿಧಾನದ ದೊಡ್ಡ ಮಿತಿಯೆಂದರೆ, ಗೇರ್‌ಬಾಕ್ಸಿನೊಳಗಿರುವ ಸುಮಾರು 7 ಲೀಟರ್ ಆಯಿಲ್‌ನಲ್ಲಿ ಅರ್ಧದಷ್ಟು ಮಾತ್ರ ಕೆಳಗಿಳಿಯುತ್ತದೆ; ಉಳಿದದ್ದು ಟಾರ್ಕ್ ಕನ್ವರ್ಟರ್, ಆಯಿಲ್ ತಣಿಸುವ ಕೂಲರ್ ಮತ್ತು ಪೈಪುಗಳಲ್ಲೇ ಉಳಿಯುತ್ತದೆ. ಆದ್ದರಿಂದ ಇಳಿಸಿ ತುಂಬಿಸಿ, ಕೆಲವು ದಿನ ಓಡಿಸಿ, ಮತ್ತೆ ಅದನ್ನೇ ಮಾಡಬೇಕು. ಪ್ರತಿ ಸಲ ಅರ್ಧ ಬದಲಾದರೆ, ಮೊದಲ ಸಲಕ್ಕೆ ಶೇ. 50, ಎರಡನೆಯ ಸಲಕ್ಕೆ ಶೇ. 75, ಮೂರನೆಯ ಸಲಕ್ಕೆ ಶೇ. 87ರಷ್ಟು ಹೊಸ ಆಯಿಲ್ ಒಳಗಿರುತ್ತದೆ. ಯಂತ್ರವಾದರೋ ಕೂಲರ್ ಪೈಪಿಗೆ ಜೋಡಣೆಯಾಗಿ, ಎಂಜಿನ್ ಓಡುತ್ತಿರುವಾಗಲೇ ಹಳೆಯದನ್ನು ಹೊರಗೆ ಪಡೆದು ಅಷ್ಟೇ ಹೊಸದನ್ನು ಒಳಗೆ ಕಳಿಸುತ್ತದೆ. ಹೊರಬರುವ ಆಯಿಲ್ ಗಾಜಿನ ಕೊಳವೆಯಲ್ಲಿ ಕಡುಕಂದಿನಿಂದ ನಿಧಾನವಾಗಿ ಕೆಂಪಿಗೆ ತಿರುಗುವುದನ್ನು ಕಣ್ಣಾರೆ ಕಾಣಬಹುದು. ಒಂದೇ ಮಧ್ಯಾಹ್ನದಲ್ಲಿ ಕೆಲಸ ಮುಗಿಯುತ್ತದೆ, ಬದಲಾವಣೆಯೂ ಹೆಚ್ಚು ಪೂರ್ಣವಾಗಿರುತ್ತದೆ. ಈ ವಿಷಯದಲ್ಲಿ ಯಂತ್ರವೇ ಮೇಲು ಎಂದು ಒಪ್ಪಲೇಬೇಕು.

ಖರ್ಚಿನಲ್ಲಿ ಮಾತ್ರ ಜನ ಅಂದುಕೊಂಡಷ್ಟು ಅಂತರವಿಲ್ಲ. ಯಂತ್ರದಲ್ಲಿ ಹಳೆಯದೂ ಹೊಸದೂ ಸ್ವಲ್ಪ ಬೆರೆಯುವುದರಿಂದ, ಬಣ್ಣ ತಿಳಿಯಾಗುವ ತನಕ ಗೇರ್‌ಬಾಕ್ಸಿನ ಅಳತೆಗಿಂತ ಕೆಲವು ಲೀಟರ್ ಹೆಚ್ಚೇ ಬೇಕಾಗುತ್ತದೆ. ಮೂರು ಸಲ ಇಳಿಸಿ ತುಂಬಿಸಿದರೂ ಹೆಚ್ಚುಕಡಿಮೆ ಅಷ್ಟೇ ಆಯಿಲ್ ಹೋಗುತ್ತದೆ. ವ್ಯತ್ಯಾಸವಿರುವುದು ಕೂಲಿಯಲ್ಲಿ ಮತ್ತು ಸಮಯದಲ್ಲಿ. ಎಲ್ಲಕ್ಕಿಂತ ಮುಖ್ಯವಾದದ್ದು ಆಯಿಲ್‌ನ ದರ್ಜೆ. ನಮ್ಮ ಗೇರ್‌ಬಾಕ್ಸಿಗೆ ಬೇಕಾದದ್ದು ಎಸ್‌ಪಿ-4 ದರ್ಜೆಯ ಆಯಿಲ್. ಯಂತ್ರವಿರುವ ಕಡೆ ದೊಡ್ಡ ಡ್ರಮ್ಮಿನಿಂದ ‘ಎಲ್ಲ ಕಾರಿಗೂ ನಡೆಯುತ್ತದೆ’ ಎಂದು ಸುರಿಯುವ ಪದ್ಧತಿಯಿದ್ದರೆ ಅಲ್ಲಿಂದ ಹೊರಟುಬಿಡುವುದೇ ಒಳಿತು. ಭಾವ ಮೊಹರಾದ ಡಬ್ಬಿಗಳನ್ನು ತಾವೇ ಕೊಂಡೊಯ್ದಿದ್ದರು.

ಇನ್ನು ಆಯಿಲ್ ಮಟ್ಟದ ವಿಚಾರ. ಹೆಚ್ಚಿನವರು ಗಮನ ಕೊಡದಿರುವುದು ಇದಕ್ಕೇ. ಹಳೆಯ ಆಟೋಮ್ಯಾಟಿಕ್ ಕಾರುಗಳಲ್ಲಿ ಡಿಪ್‌ಸ್ಟಿಕ್ ಇತ್ತು. ಎಳೆದು ಬಿಳಿ ಕಾಗದಕ್ಕೆ ಒಂದು ಹನಿ ಒರೆಸಿದರೆ ಮಟ್ಟ, ಬಣ್ಣ, ಸುಟ್ಟ ವಾಸನೆ ಮೂರೂ ತಿಳಿಯುತ್ತಿದ್ದವು. ನಮ್ಮ ಕಾರುಗಳಲ್ಲಿ ಅದಿಲ್ಲ. ಕಾರನ್ನು ನಾಲ್ಕೂ ಕಡೆ ಸಮತಟ್ಟಾಗಿ ಎತ್ತಿ, ಎಂಜಿನ್ ಓಡುತ್ತಿರುವಾಗ ಲಿವರನ್ನು ಎಲ್ಲ ಸ್ಥಾನಗಳಲ್ಲೂ ಕ್ಷಣ ನಿಲ್ಲಿಸಿ ಪಾರ್ಕಿಂಗ್‌ಗೆ ತಂದು, ಆಯಿಲ್ 50ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಇರುವಾಗ ತಪಾಸಣೆಯ ಬೋಲ್ಟ್ ಬಿಚ್ಚಬೇಕು. ಹೆಚ್ಚಿರುವುದು ಸಣ್ಣ ಧಾರೆಯಾಗಿ ಹರಿದು, ಧಾರೆ ಎಳೆಯಂತಾಗಿ, ತೊಟ್ಟಿಕ್ಕತೊಡಗಿದ ಕೂಡಲೇ ಬೋಲ್ಟ್ ಹಾಕಬೇಕು. ಆಯಿಲ್ ಅದಕ್ಕಿಂತ ಬಿಸಿಯಾಗಿದ್ದರೆ ಹಿಗ್ಗಿರುವುದರಿಂದ ಬೇಕಾದದ್ದೂ ಹರಿದುಹೋಗಿ ಮಟ್ಟ ಕಡಿಮೆಯಾಗುತ್ತದೆ. ತಣ್ಣಗಿದ್ದರೆ ಹೆಚ್ಚಾಗಿ ಉಳಿಯುತ್ತದೆ.

ಭಾವನ ಕಾರಿನಲ್ಲಿ ಆದದ್ದು ಮೊದಲನೆಯದು. ಕಾರು ಹೆದ್ದಾರಿಯಿಂದ ನೇರವಾಗಿ ಗ್ಯಾರೇಜಿಗೆ ಬಂದಿತ್ತು, ಯಂತ್ರವೂ ಬಹಳ ಹೊತ್ತು ಓಡಿತ್ತು. ಉಷ್ಣಾಂಶ ನೋಡದೆಯೇ ಮಟ್ಟ ಹಿಡಿದು ಬೋಲ್ಟ್ ಹಾಕಿದರು. ಕೆಲವು ದಿನಗಳಲ್ಲಿ ಬೆಳಗಿನ ತಣ್ಣನೆಯ ಹೊತ್ತಿಗೆ ರಿವರ್ಸ್ ಹಾಕಿದರೆ ಕಾರು ಒಂದು ಕ್ಷಣ ತಡೆದು, ಆಮೇಲೆ ಜಗ್ಗಿ ಚಲಿಸತೊಡಗಿತು. ಯಂತ್ರದ ಒತ್ತಡವೇ ಗೇರ್‌ಬಾಕ್ಸ್ ಕೆಡಿಸಿತು ಎಂದು ಸುತ್ತಲಿನವರೆಲ್ಲ ಹೇಳಿದರು. ನಾವು ಕಾರನ್ನು ರಾತ್ರಿಯಿಡೀ ನಿಲ್ಲಿಸಿ, ಬೆಳಿಗ್ಗೆ ಆಯಿಲ್‌ನ ಉಷ್ಣಾಂಶ ತೋರಿಸುವ ಸ್ಕ್ಯಾನರ್ ಜೋಡಿಸಿ, 50 ಡಿಗ್ರಿ ದಾಟಿದ ಕೂಡಲೇ ತಪಾಸಣೆಯ ಬೋಲ್ಟ್ ಬಿಚ್ಚಿದೆವು. ಒಂದು ಹನಿಯೂ ಬರಲಿಲ್ಲ. ಮೇಲಿನಿಂದ ಹೊಸ ಆಯಿಲ್ ಹಾಕುತ್ತ ಹೋಗಿ, ಧಾರೆ ಕಾಣಿಸಿಕೊಂಡು ನಿಂತ ಮೇಲೆ ಬೋಲ್ಟ್ ಬಿಗಿದೆವು. ರಿವರ್ಸಿನ ತಡೆ ಅಂದಿಗೇ ಹೋಯಿತು, ಮತ್ತೆ ಬರಲಿಲ್ಲ. ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಿ ಬಿಸಿಯಾದ ಗೇರ್‌ಬಾಕ್ಸ್ 60 ಡಿಗ್ರಿಗಿಂತ ಕೆಳಗಿಳಿಯಲು ಗಂಟೆಗಟ್ಟಲೆ ಬೇಕು. ಈ ಕೆಲಸವನ್ನು ಬೆಳಗಿನ ಮೊದಲ ಕೆಲಸವಾಗಿಯೇ ಇಟ್ಟುಕೊಳ್ಳಬೇಕು.

ಅದಾದ ಮೇಲೆ ಎರಡೂ ಕಾರುಗಳನ್ನು ಜೋಗಿಮಟ್ಟಿಯ ಏರುರಸ್ತೆಯಲ್ಲಿ ಒಂದರ ಹಿಂದೊಂದು ಓಡಿಸಿದೆವು. ತಿರುವುಗಳಲ್ಲಿ ಎರಡು ಮತ್ತು ಮೂರನೆಯ ಗೇರಿನ ನಡುವೆ ಮೊದಲು ಇದ್ದ ಒದೆತ ಎರಡರಲ್ಲೂ ಇರಲಿಲ್ಲ. ಯಾವುದು ಬೋಲ್ಟಿನ ಕಾರು, ಯಾವುದು ಯಂತ್ರದ ಕಾರು ಎಂದು ಚಾಲನೆಯಿಂದ ಹೇಳಲು ಸಾಧ್ಯವೇ ಇರಲಿಲ್ಲ.

ಹೀಗಿದ್ದೂ ನಾನು ಇಳಿಸಿ ತುಂಬಿಸುವುದನ್ನೇ ಮುಂದುವರಿಸುತ್ತೇನೆ. ಇಳಿದ ಆಯಿಲನ್ನು ಅಳತೆಯ ಪಾತ್ರೆಯಲ್ಲಿ ಹಿಡಿದು ಎಷ್ಟು ಹೊರಬಂತೆಂದು ನೋಡಬಹುದು, ಅದರಲ್ಲಿ ಲೋಹದ ಚೂರುಗಳಿವೆಯೇ ಎಂದು ಬೆರಳಲ್ಲಿ ಉಜ್ಜಿ ಪರೀಕ್ಷಿಸಬಹುದು. ಮಿಗಿಲಾಗಿ, ಪ್ರತಿ ಸಲವೂ ಮಟ್ಟವನ್ನು ಹೊಸದಾಗಿ ಹಿಡಿಯುವುದರಿಂದ ಹಿಂದಿನ ಸಲ ತಪ್ಪಿದ್ದರೂ ಸರಿಹೋಗುತ್ತದೆ. ಸ್ಕ್ಯಾನರ್ ಇಟ್ಟುಕೊಂಡು ಉಷ್ಣಾಂಶ ನೋಡಿಯೇ ಮುಗಿಸುವ, ಸರಿಯಾದ ದರ್ಜೆಯ ಆಯಿಲನ್ನೇ ಬಳಸುವ ಗ್ಯಾರೇಜು ಸಿಕ್ಕರೆ, ಸಮಯವಿಲ್ಲದವರು ಯಂತ್ರಕ್ಕೆ ಹೋಗಲು ಹಿಂಜರಿಯಬೇಕಿಲ್ಲ. ಆದರೆ ಎಕ್ಸಲರೇಟರ್ ಒತ್ತಿದಾಗ ಎಂಜಿನ್ ಮಾತ್ರ ಕೂಗಿ ಕಾರು ಮುಂದೆ ಹೋಗದಿರುವ ಸ್ಥಿತಿಗೆ ಬಂದ ಗೇರ್‌ಬಾಕ್ಸಿಗೆ ಎರಡೂ ವಿಧಾನಗಳು ಪ್ರಯೋಜನವಿಲ್ಲ. ಅಲ್ಲಿ ಸವೆದಿರುವುದು ಕ್ಲಚ್ಚು. ಸಿವಿಟಿ, ಡಿಸಿಟಿ, ಎಎಂಟಿ ಎಂಬ ಬೇರೆ ಬಗೆಯ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇರುವ ಕಾರುಗಳ ಆಯಿಲೂ ಕ್ರಮವೂ ಬೇರೆಯಾದ್ದರಿಂದ, ಇಲ್ಲಿ ಹೇಳಿದ ಉಷ್ಣಾಂಶವನ್ನಾಗಲೀ ದರ್ಜೆಯನ್ನಾಗಲೀ ಅವುಗಳಿಗೆ ಅನ್ವಯಿಸಬಾರದು.