ಹಳೆ ಫೈಬರ್ ದೋಣಿಗೆ ಮರುಜೀವ: ಯಾವ ರೆಸಿನ್, ಯಾವ ಹಲಗೆ, ಯಾವ ಬಣ್ಣ?

ದೋಣಿಯ ಹಿಂಬದಿ ಗೋಡೆಗೆ 6 ಮಿ.ಮೀ. ಬಿಟ್ ಹಾಕಿ ಒಳಗಿನಿಂದ ಒಂದು ತೂತು ಕೊರೆದೆ. ಒಣ ಮರದ ಪುಡಿ ಉದುರಬೇಕಿತ್ತು. ಬಂದಿದ್ದು ಒದ್ದೆ ಗೊಬ್ಬರದಂಥ ಕಪ್ಪು ಮುದ್ದೆ. ಒಂದು ಗೇಣು ಮೇಲೆ ಇನ್ನೊಂದು ತೂತು ಹಾಕಿದೆ, ಅಲ್ಲೂ ಅದೇ ಕಥೆ. ಹೊರಗಿನಿಂದ ನೋಡಿದರೆ ಗೋಡೆ ಗಟ್ಟಿಮುಟ್ಟಾಗಿಯೇ ಇದೆ. ಸುತ್ತಿಗೆಯ ಹಿಡಿಯಿಂದ ತಟ್ಟಿದರೆ ಮಾತ್ರ 'ಟಣ್' ಅನ್ನೋ ಬದಲು 'ದಬ್' ಅನ್ನುತ್ತದೆ. ಒಳಗಿನ ಪ್ಲೈವುಡ್ ಪೂರ್ತಿ ಲಡ್ಡಾಗಿದೆ.

ಇದು ನಾನು ಕೈಗೆತ್ತಿಕೊಂಡಿರುವ ಎರಡನೇ ದೋಣಿ. 17 ಅಡಿ ಉದ್ದ, 1970ರ ದಶಕದ್ದು, ನಡುವೆ ನಿಂತು ಓಡಿಸುವ ಮೀನುಗಾರಿಕೆ ದೋಣಿ. ಆ ಕಾಲದವರು ಒಡಲಿಗೆ ಫೈಬರ್‌ಗ್ಲಾಸನ್ನು ಧಾರಾಳವಾಗಿ ಹಾಕುತ್ತಿದ್ದರು. ಹಾಗಾಗಿ ಹೊರಮೈ ಇನ್ನೂ ಕಲ್ಲಿನ ಹಾಗಿದೆ. ಹಾಳಾಗಿರೋದು ಒಳಗೆ ಮುಚ್ಚಿಟ್ಟ ಮರ: ಹಿಂಬದಿ ಗೋಡೆಯ ಹಲಗೆ, ತಳದ ಉದ್ದ ತೊಲೆಗಳು, ಡೆಕ್. ಮೊದಲ ದೋಣಿಯನ್ನು ಸಿಕ್ಕ ಸಾಮಾನಿನಲ್ಲಿ ರಿಪೇರಿ ಮಾಡಿದ್ದೆ. ನಾಲ್ಕನೇ ವರ್ಷಕ್ಕೆ ಹಿಂಬದಿ ಗೋಡೆಯ ಒಳಪದರ ಬಿಟ್ಟುಕೊಂಡಿತು. ಈ ಸಲ ಹಾಗಾಗಬಾರದು. ಅದಕ್ಕೇ ಗ್ರೈಂಡರ್ ಹಿಡಿಯೋ ಮುಂಚೆ, ಹಳೆ ಡೆಕ್‌ನಿಂದ ಕತ್ತರಿಸಿದ ತುಂಡುಗಳ ಮೇಲೆ ಎಲ್ಲವನ್ನೂ ಹಾಕಿ, ಕಿತ್ತು, ನೆನೆಸಿ ನೋಡಿದೆ.

ಮೊದಲು ರೆಸಿನ್, ಅಂದರೆ ಫೈಬರ್ ಬಟ್ಟೆಗೆ ಹಚ್ಚಿದ ಮೇಲೆ ಗಟ್ಟಿಯಾಗುವ ದ್ರವ ಅಂಟು. ಇದೊಂದು ತೀರ್ಮಾನವಾದರೆ ಯಾವ ಬಟ್ಟೆ, ಯಾವ ಫೋಮ್, ಮೇಲೆ ಯಾವ ಬಣ್ಣ ಅನ್ನೋದು ಅರ್ಧ ತೀರ್ಮಾನವಾದ ಹಾಗೆ.

ನನ್ನ ಮುಂದೆ ಇದ್ದದ್ದು ಮೂರು: ಪಾಲಿಯೆಸ್ಟರ್, ವಿನೈಲ್ ಎಸ್ಟರ್, ಎಪಾಕ್ಸಿ. ಹಳೆ ತುಂಡುಗಳನ್ನು 40 ನಂಬರ್ ಮರಳು ಕಾಗದದಲ್ಲಿ ಉಜ್ಜಿ, ಒರೆಸಿ, ಒಂದೊಂದರ ಮೇಲೂ 5 ಸೆಂ.ಮೀ. ಅಗಲದ ಎರಡೆರಡು ಪದರ ಹಾಕಿದೆ. ಆಮೇಲೆ ಹಿಡಿದು ಎಳೆಯಲು ಬರಲಿ ಅಂತ ಒಂದು ತುದಿಯ ಕೆಳಗೆ ಪ್ಲಾಸ್ಟಿಕ್ ಟೇಪ್ ಅಂಟಿಸಿದ್ದೆ. ಎರಡು ವಾರ ಬಿಟ್ಟು ಆ ತುದಿಗೆ ಉಳಿ ಕೊಟ್ಟು, ಇಕ್ಕಳದಲ್ಲಿ ಹಿಡಿದು ಕಿತ್ತೆ.

ಪಾಲಿಯೆಸ್ಟರ್ ಪಟ್ಟಿ 'ಚರ್' ಅಂತ ಸದ್ದು ಮಾಡಿಕೊಂಡು ಪೂರ್ತಿ ಎದ್ದು ಬಂತು. ಅದರ ಕೆಳಗೆ ನಾನು ಉಜ್ಜಿದ ಗೆರೆಗಳು ಹಾಗೇ ಕಾಣುತ್ತಿದ್ದವು. ಹಿಡಿದಿತ್ತು ನಿಜ, ಆದರೆ ಮೇಲುಮೇಲೆ. ವಿನೈಲ್ ಎಸ್ಟರ್ ಅರ್ಧ ದಾರಿಯವರೆಗೆ ಬಂದು ಅಲ್ಲೇ ಹರಿಯಿತು. ಎಪಾಕ್ಸಿಯದ್ದನ್ನು ಕೀಳಲು ಕಾಲು ಕೊಟ್ಟು ಎಳೆಯಬೇಕಾಯಿತು. ಅದು ಬರುವಾಗ ಹಳೆ ಫೈಬರ್‌ನ ಎಳೆಗಳನ್ನೂ ಕಿತ್ತುಕೊಂಡು ಬಂತು. ಅಂದರೆ ಸೋತಿದ್ದು ಅಂಟಲ್ಲ, ಕೆಳಗಿನ ಹಳೆ ಪದರ. ಪ್ಲೈವುಡ್ ಮೇಲೆ ವ್ಯತ್ಯಾಸ ಇನ್ನೂ ಜಾಸ್ತಿ. ಪಾಲಿಯೆಸ್ಟರ್‌ಗೆ ಮರದ ತೆಳು ಪೊರೆ ಅಲ್ಲಲ್ಲಿ ಅಂಟಿಕೊಂಡಿತ್ತು ಅಷ್ಟೇ. ಎಪಾಕ್ಸಿ ಮರವನ್ನೇ ಸೀಳಿತು.

ಹಾಗಂತ ಪಾಲಿಯೆಸ್ಟರ್ ಕೆಟ್ಟದ್ದು ಅಂತ ನಾನು ಹೇಳೋದಿಲ್ಲ. ಈ ದೋಣಿಯ ಒಡಲೇ ಪಾಲಿಯೆಸ್ಟರ್, ಇಷ್ಟು ವರ್ಷ ಬಾಳಿದೆ. ಕಾರ್ಖಾನೆಯಲ್ಲಿ ಒಂದು ಪದರ ಹಸಿ ಇರುವಾಗಲೇ ಇನ್ನೊಂದು ಹಾಕುತ್ತಾರೆ, ಎರಡೂ ಬೆಸೆದು ಒಂದಾಗುತ್ತವೆ. ನಾವು ಹಾಕೋದು ಎಂದೋ ಗಟ್ಟಿಯಾದ ಮೈ ಮೇಲೆ. ಅಲ್ಲಿ ಹೊಸ ರೆಸಿನ್‌ಗೆ ಬೆಸೆದುಕೊಳ್ಳಲು ಏನೂ ಉಳಿದಿರೋದಿಲ್ಲ. ಉಜ್ಜಿದ ಗೀರುಗಳಲ್ಲಿ ಕಚ್ಚಿಕೊಂಡಿರಬೇಕು. ರಿಪೇರಿಗೂ ಹೊಸ ಕೆಲಸಕ್ಕೂ ಇರುವ ಮುಖ್ಯ ವ್ಯತ್ಯಾಸ ಇದು. ನನ್ನ ಮೊದಲ ದೋಣಿ ಬಿಟ್ಟುಕೊಂಡಿದ್ದೂ ಸರಿಯಾಗಿ ಈ ಜಾಗದಲ್ಲೇ.

ಎಪಾಕ್ಸಿಯ ಕಷ್ಟಗಳೂ ಕಡಿಮೆಯಿಲ್ಲ. ದುಬಾರಿ. ಅಳತೆ ಒಂಚೂರು ಹೆಚ್ಚುಕಮ್ಮಿ ಆಗುವಂತಿಲ್ಲ. ಪಾಲಿಯೆಸ್ಟರ್‌ಗೆ ಹಾರ್ಡ್ನರ್ (ರೆಸಿನ್ ಗಟ್ಟಿಯಾಗಲು ಬೆರೆಸುವ ದ್ರವ) ಶೇ. 1ರಿಂದ 2ರವರೆಗೆ ಬಿಸಿಲು ನೋಡಿ ಏರಿಸಬಹುದು, ಇಳಿಸಬಹುದು. ಎಪಾಕ್ಸಿಯಲ್ಲಿ ಡಬ್ಬಿ ಮೇಲೆ 5ಕ್ಕೆ 1 ಅಂದಿದ್ದರೆ 5ಕ್ಕೆ 1, 2ಕ್ಕೆ 1 ಅಂದಿದ್ದರೆ 2ಕ್ಕೆ 1. ಬೇಗ ಗಟ್ಟಿಯಾಗಲಿ ಅಂತ ಹಾರ್ಡ್ನರ್ ಜಾಸ್ತಿ ಸುರಿದರೆ ಅದು ಅಂಟಂಟಾಗಿಯೇ ಉಳಿಯುತ್ತದೆ, ಆಮೇಲೆ ಕೆರೆದು ತೆಗೆಯೋದೊಂದೇ ದಾರಿ. ಒಂದು ದಿನ ಅರ್ಧ ಲೀಟರ್ ಕಲಸಿ ಮಗ್‌ನಲ್ಲೇ ಬಿಟ್ಟು ಬಟ್ಟೆ ಕತ್ತರಿಸಲು ಹೋದೆ. ವಾಪಸ್ ಬರೋವಷ್ಟರಲ್ಲಿ ಮಗ್ ಸುಡುತ್ತಿತ್ತು, ಹೊಗೆ ಏಳುತ್ತಿತ್ತು. ಗುಡ್ಡೆಯಾಗಿ ಇದ್ದಷ್ಟೂ ಅದು ತನ್ನ ಬಿಸಿಗೆ ತಾನೇ ಕಾಯುತ್ತದೆ. ಕಲಸಿದ ತಕ್ಷಣ ಅಗಲ ತಟ್ಟೆಗೆ ಸುರಿದರೆ ಕೆಲಸಕ್ಕೆ ಎಷ್ಟೋ ಹೆಚ್ಚು ಸಮಯ ಸಿಗುತ್ತದೆ.

ಇನ್ನೊಂದು ವಿಷಯ. ಗಟ್ಟಿಯಾದ ಎಪಾಕ್ಸಿ ಮೇಲೆ ಎಷ್ಟೋ ಸಲ ಮೇಣದಂಥ ಜಿಡ್ಡು ಬಂದು ಕೂರುತ್ತದೆ. ಅದನ್ನು ಬರೀ ನೀರು ಹಾಕಿ ಒರಟು ಸ್ಕ್ರಬ್ಬರ್‌ನಿಂದ ತೊಳೆಯಬೇಕು, ಆಮೇಲೆ ಉಜ್ಜಬೇಕು. ತೊಳೆಯದೆ ಉಜ್ಜಿದರೆ ಜಿಡ್ಡು ಗೀರುಗಳ ಒಳಗೇ ಸೇರಿಕೊಳ್ಳುತ್ತದೆ. ಬಟ್ಟೆಯ ಆಯ್ಕೆಯೂ ಬದಲಾಗುತ್ತದೆ. ಕತ್ತರಿಸಿದ ಎಳೆಗಳ ಸಾಮಾನ್ಯ ಮ್ಯಾಟ್‌ನಲ್ಲಿ ಎಳೆಗಳನ್ನು ಹಿಡಿದಿಡೋ ಅಂಟು, ದ್ರಾವಕವಾದ ಸ್ಟೈರೀನ್‌ನಲ್ಲಿ ಕರಗುವಂಥದ್ದು. ಪಾಲಿಯೆಸ್ಟರ್‌ನಲ್ಲಿ ಸ್ಟೈರೀನ್ ಇದೆ, ಎಪಾಕ್ಸಿಯಲ್ಲಿ ಇಲ್ಲ. ಎಪಾಕ್ಸಿ ಹಾಕಿದರೆ ಆ ಮ್ಯಾಟ್ ಮೂಲೆಗಳಲ್ಲಿ ಬಗ್ಗದೆ ಸೆಟೆದುಕೊಂಡು ನಿಂತಿತು. ಓರೆ ಎಳೆಗಳನ್ನು ಹೊಲಿದು ಜೋಡಿಸಿದ ಬೈಯಾಕ್ಸಿಯಲ್ ಬಟ್ಟೆ ಅದೇ ಮೂಲೆಯಲ್ಲಿ ಒದ್ದೆ ಟವೆಲ್ ಹಾಗೆ ಕೂತಿತು.

ವಾಸನೆಯ ಬಗ್ಗೆಯೂ ಹೇಳಬೇಕು. ಪಾಲಿಯೆಸ್ಟರ್, ವಿನೈಲ್ ಎಸ್ಟರ್ ಎರಡೂ ಮೂಗಿಗೆ ಹೊಡೆಯುತ್ತವೆ. ಎಪಾಕ್ಸಿಗೆ ವಾಸನೆ ಕಡಿಮೆ, ಅದಕ್ಕೇ ಜನ ಬರಿಗೈಯಲ್ಲಿ ಮುಟ್ಟುತ್ತಾರೆ. ದಯವಿಟ್ಟು ಮುಟ್ಟಬೇಡಿ. ಚರ್ಮಕ್ಕೆ ಒಮ್ಮೆ ಅಲರ್ಜಿ ಹತ್ತಿದರೆ ಆಮೇಲೆ ಸ್ವಲ್ಪ ತಗುಲಿದರೂ ದದ್ದು ಏಳುತ್ತದೆ. ಪಾಲಿಯೆಸ್ಟರ್‌ನ ಹಾರ್ಡ್ನರ್ ಒಂದು ಹನಿ ಕಣ್ಣಿಗೆ ಹಾರಿದರೂ ದೃಷ್ಟಿಗೇ ಕುತ್ತು. ಅದನ್ನು ಕೋಬಾಲ್ಟ್ ಆಕ್ಸಿಲರೇಟರ್ (ರೆಸಿನ್ ಬೇಗ ಸೆಟ್ ಆಗಲು ಬೆರೆಸುವ ದ್ರವ) ಜೊತೆ ನೇರವಾಗಿ ಬೆರೆಸಿದರೆ ಸಿಡಿಯುತ್ತದೆ. ಎರಡು ಬಾಟಲಿಗಳನ್ನೂ ದೂರದೂರ ಇಡಿ.

ನನ್ನ ತೀರ್ಮಾನ: ಮರ ಇರೋ ಕಡೆ, ಹಳೆ ಒಡಲಿಗೆ ಹೊಸದು ಕೂಡೋ ಕಡೆ ಎಪಾಕ್ಸಿ. ಹೊಸ ಅಚ್ಚಿನಲ್ಲಿ ಮಾಡುವ ಪೆಟ್ಟಿಗೆ, ಮುಚ್ಚಳಗಳಿಗೆ ಪಾಲಿಯೆಸ್ಟರ್ ಸಾಕು. ವಿನೈಲ್ ಎಸ್ಟರ್ ನೀರಿಗೆ ಚೆನ್ನಾಗಿ ತಡೆಯುತ್ತದೆ, ಆದರೆ ಡಬ್ಬಿಯಲ್ಲಿ ಹೆಚ್ಚು ದಿನ ಇಡಲು ಆಗೋದಿಲ್ಲ. ವಾರಾಂತ್ಯದಲ್ಲಿ ಮಾತ್ರ ಕೆಲಸ ಮಾಡುವ ನನಗೆ ಅದು ಒಗ್ಗಲಿಲ್ಲ.

ಇನ್ನು ಹಿಂಬದಿ ಗೋಡೆ. ಮೋಟಾರ್‌ನ ಭಾರ, ಒದೆತ ಎಲ್ಲ ಬೀಳೋದು ಇಲ್ಲೇ. ಇಲ್ಲೂ ಮೂರು ದಾರಿ: ಮೆರೈನ್ ಪ್ಲೈವುಡ್, ಫೈಬರ್ ಬೆರೆಸಿದ ಗಟ್ಟಿ ಫೋಮ್ ಹಲಗೆ, ಇಲ್ಲವೇ ಎರಡು ಫೈಬರ್ ಗೋಡೆಗಳ ನಡುವೆ ಸುರಿಯೋ ಮಿಶ್ರಣ.

ಸುರಿಯೋ ಕೆಲಸವನ್ನು ಗೆಳೆಯನೊಬ್ಬನ ದೋಣಿಯಲ್ಲಿ ಜೊತೆಗೆ ನಿಂತು ಮಾಡಿದ್ದೆ. ಮೇಲಿನಿಂದ ಚೈನ್ ಗರಗಸ ಇಳಿಸಿ ಕೊಳೆತ ಮರವನ್ನೆಲ್ಲ ತೆಗೆದು, ಗೋಡೆಗಳು ಉಬ್ಬದಂತೆ ಎರಡೂ ಕಡೆ ಹಲಗೆ ಬಿಗಿದು, ಸುರಿದೆವು. ಡೆಕ್ ಮುಟ್ಟದೆ ಮುಗಿಯಿತು, ಅದೇ ಅದರ ದೊಡ್ಡ ಲಾಭ. ಆದರೆ ಕೆಳಮೂಲೆಗಳಲ್ಲಿ ಒದ್ದೆ ಮರದ ಚೂರು ಉಳಿದಿದೆಯೋ ಇಲ್ಲವೋ ಕಣ್ಣಿಗೆ ಕಾಣೋದಿಲ್ಲ. ಕೈ ಹೋದಷ್ಟು ಕೆರೆದೆವು. ನಾನು ಹೇಗೂ ಡೆಕ್ ತೆಗೆಯುತ್ತಿದ್ದೇನೆ. ಹಾಗಿದ್ದ ಮೇಲೆ ಕಾಣದ ಜಾಗಕ್ಕೆ ಸುರಿಯೋದು ಯಾಕೆ ಅಲ್ವಾ?

ಪ್ಲೈವುಡ್ ಮತ್ತು ಫೋಮ್ ಹಲಗೆಯನ್ನು ಮೇಜಿನ ಮೇಲೆ ಪರೀಕ್ಷಿಸಿದೆ. ಎರಡರಲ್ಲೂ 30 ಸೆಂ.ಮೀ. ಚೌಕದ ತುಂಡು, ಎರಡೂ ಮೈಗೆ ಫೈಬರ್, ನಡುವೆ 12 ಮಿ.ಮೀ. ಬೋಲ್ಟ್. ಸ್ಪ್ಯಾನರ್ ಹಾಕಿ ಬಿಗಿಯುತ್ತಾ ಹೋದೆ. ಪ್ಲೈವುಡ್ ಕದಲಲಿಲ್ಲ. ಫೋಮ್ ತುಂಡಿನಲ್ಲಿ ಸಣ್ಣ ವಾಷರ್ ನಿಧಾನವಾಗಿ ಒಳಗಿಳಿಯಿತು, ಸುತ್ತ ಬಿಳಿ ಗೀರು ಮೂಡಿತು. ಅಗಲ ಪಟ್ಟಿ ಕೊಟ್ಟರೆ ಅದೂ ನಿಂತಿತು. ಸ್ಕ್ರೂ ಹಿಡಿತದಲ್ಲೂ ಪ್ಲೈವುಡ್ಡೇ ಮುಂದೆ. ಫೋಮ್ ಹಲಗೆ ಹಗುರ, ಕೊಳೆಯೋದೂ ಇಲ್ಲ. ಕತ್ತರಿಸುವಾಗ ಏಳುವ ಧೂಳು ಮಾತ್ರ ಎರಡು ದಿನ ಮೈ ಕೆರೆಸುತ್ತದೆ.

ಗೋಡೆಗೆ ಪ್ಲೈವುಡ್ ಅಂತಲೇ ನಿಂತೆ. 18 ಮಿ.ಮೀ.ನ ಎರಡು ಹಲಗೆ, ನಡುವೆ ಪೇಸ್ಟಿನಂತೆ ಮಂದ ಮಾಡಿದ ಎಪಾಕ್ಸಿ. ಮೆರೈನ್ ದರ್ಜೆಯದೇ ಬೇಕು, ಯಾಕಂದರೆ ಅದರ ಒಳಪದರಗಳಲ್ಲಿ ಟೊಳ್ಳು ಇರೋದಿಲ್ಲ. ಹಾಗಂತ ಮೆರೈನ್ ಪ್ಲೈವುಡ್ ಕೊಳೆಯೋದೇ ಇಲ್ಲ ಅಂದುಕೊಳ್ಳಬೇಡಿ. ಅದರ ಅಂಟು ನೀರಿಗೆ ತಡೆಯುತ್ತದೆ, ಮರ ಮರವೇ. ಮೊದಲ ದೋಣಿಯಲ್ಲಿ ನೀರು ಒಳಗಿಳಿದ ದಾರಿ ಹುಡುಕಿದಾಗ ಸಿಕ್ಕಿದ್ದು, ಮೀನು ಪತ್ತೆ ಯಂತ್ರದ ಸೆನ್ಸರ್ ಕೂರಿಸಲು ಹಾಕಿದ್ದ ಎರಡು ಸಣ್ಣ ಸ್ಕ್ರೂ. ಬೆರಳಿನ ಉದ್ದವೂ ಇಲ್ಲದ ಸ್ಕ್ರೂಗಳು! ಅವುಗಳ ಸುತ್ತಲಿಂದಲೇ ಕಪ್ಪು ಹರಡಿತ್ತು. ಈ ಸಲ 12 ಮಿ.ಮೀ. ಬೋಲ್ಟ್‌ಗೆ 18 ಮಿ.ಮೀ. ತೂತು ಕೊರೆದು, ಅದನ್ನು ಮಂದ ಎಪಾಕ್ಸಿಯಿಂದ ತುಂಬಿ, ಆರಿದ ಮೇಲೆ ನಡುವೆ 12 ಮಿ.ಮೀ. ಕೊರೆಯುತ್ತೇನೆ. ಆಗ ಸೀಲಂಟ್ ಹೋದರೂ ನೀರಿಗೆ ಮರ ಸಿಗೋದಿಲ್ಲ. ಸೆನ್ಸರ್‌ಗೆ ಸ್ಕ್ರೂ ಬೇಡವೇ ಬೇಡ. ಒಂದು ಪ್ಲಾಸ್ಟಿಕ್ ತುಂಡನ್ನು ಗೋಡೆಗೆ ಅಂಟಿಸಿ, ಅದಕ್ಕೆ ಮಾತ್ರ ಸ್ಕ್ರೂ.

ತಳದ ತೊಲೆಗಳಿಗೆ ಮಾತ್ರ ಫೋಮ್. ಅಲ್ಲಿ ಒಳಗಿನ ವಸ್ತು ಮುಖ್ಯವಾಗಿ ಆಕಾರ ಕೊಡುತ್ತದೆ. ಭಾರ ಹೊರೋದು ಮೇಲೆ ಹೊದಿಸಿದ ಫೈಬರ್. ಹೊದಿಕೆ ದಪ್ಪ ಇದ್ದರೆ ಸಾಕು. ಒಂದು ಎಚ್ಚರಿಕೆ: ತೊಲೆ, ಡೆಕ್ ಕೀಳೋ ಮುಂಚೆ ಒಡಲಿನ ಕೆಳಗೆ ತೊಟ್ಟಿಲಿನಂಥ ಸರಿಯಾದ ಆಸರೆ ಕಟ್ಟಿ, ಅಡ್ಡಪಟ್ಟಿ ಬಿಗಿಯಿರಿ. ಇಲ್ಲವಾದರೆ ಒಡಲು ಅಗಲವಾಗಿ ಬಿಡುತ್ತದೆ, ಹೊಸ ತೊಲೆ ಹಾಕಿದ ಮೇಲೆ ಆ ಸೊಟ್ಟ ಶಾಶ್ವತ.

ಡೆಕ್ ಕೆಳಗಿನ ತೇಲುವ ಫೋಮ್ ವಿಷಯಕ್ಕೆ ಬಂದರೆ, ಸುರಿದು ಉಬ್ಬಿಸೋ ಪಾಲಿಯುರಿಥೇನ್ ಸುಲಭ. ಸಾಮಾನ್ಯವಾಗಿ ಬಳಸೋದು ಘನ ಮೀಟರ್‌ಗೆ ಸುಮಾರು 32 ಕೆ.ಜಿ. ತೂಗುತ್ತದೆ. ಅಷ್ಟೇ ಜಾಗದ ನೀರು 1000 ಕೆ.ಜಿ., ಹಾಗಾಗಿ ತೇಲಿಸೋ ಬಲ ದೊಡ್ಡದು. ಆದರೆ ನನ್ನ ದೋಣಿಯಿಂದ ಕಿತ್ತ ಹಳೆ ಫೋಮ್ ತುಂಡನ್ನು ಹಿಂಡಿದರೆ ನೀರು ಜಿನುಗಿತು. ಸಂದಿಯಿಲ್ಲದೆ ತುಂಬಿದ್ದರಿಂದ ನೀರಿಗೆ ಹೊರಹೋಗಲು ದಾರಿಯೇ ಇರಲಿಲ್ಲ. ನಾನು ಮುಚ್ಚಿದ ಕಣದ (ಸುಲಭವಾಗಿ ನೀರು ಹೀರದ) ಫೋಮ್ ಹಾಳೆಗಳನ್ನು ಕತ್ತರಿಸಿ ಜೋಡಿಸುತ್ತೇನೆ, ಕೆಳಗೆ ನೀರು ಹರಿಯಲು ಕಾಲುವೆ ಬಿಡುತ್ತೇನೆ. ಪಾಲಿಸ್ಟೈರೀನ್ ಹಾಳೆ ಮೇಲೆ ಪಾಲಿಯೆಸ್ಟರ್ ರೆಸಿನ್ ಮಾತ್ರ ಬೀಳಬಾರದು. ಒಂದು ಹನಿ ಹಾಕಿ ನೋಡಿದೆ. ನಾನು ನೋಡುತ್ತಿದ್ದಂತೆಯೇ ಅಲ್ಲಿ ಗುಳಿ ಬಿತ್ತು. ಎಪಾಕ್ಸಿಗೆ ಏನೂ ಆಗಲಿಲ್ಲ. ಅಂದ ಹಾಗೆ, 1958ರಲ್ಲಿ ಬಂದ ಅಮೆರಿಕದ ಬೋಸ್ಟನ್ ವೇಲರ್ ಥರದ ದೋಣಿಗಳಲ್ಲಿ ಎರಡು ಫೈಬರ್ ಪದರಗಳ ನಡುವಿನ ಫೋಮ್ ಒಡಲಿನದೇ ಭಾಗ. ಅಂಥ ದೋಣಿಗೆ ಈ ಹಾಳೆ ಜೋಡಿಸೋ ದಾರಿ ಹೊಂದೋದಿಲ್ಲ.

ಬಣ್ಣಕ್ಕೆ ಜೆಲ್‌ಕೋಟ್ (ಫೈಬರ್ ದೋಣಿಯ ಹೊರಮೈಗೆ ಹಾಕುವ ಬಣ್ಣದ ರೆಸಿನ್) ಮತ್ತು ಎರಡು ಡಬ್ಬಿ ಬೆರೆಸೋ ಪಾಲಿಯುರಿಥೇನ್ ಎರಡನ್ನೂ ಒಂದೇ ಮುಚ್ಚಳದ ಅರ್ಧರ್ಧಕ್ಕೆ ಹಚ್ಚಿದೆ. ಜೆಲ್‌ಕೋಟ್ ದಪ್ಪ, ಗೀರು ಬಿದ್ದರೆ ಉಜ್ಜಿ ಪಾಲಿಷ್ ಮಾಡಬಹುದು. ಕೈಯಲ್ಲಿ ಹಚ್ಚಿದರೆ ಮಾತ್ರ ಉಬ್ಬುತಗ್ಗು, ಗಂಟೆಗಟ್ಟಲೆ ಉಜ್ಜಬೇಕು. ಎಪಾಕ್ಸಿ ಪೂರ್ತಿ ಗಟ್ಟಿಯಾಗದೆ ಅದರ ಮೇಲೆ ಹಾಕಿದರೆ ಸೆಟ್ ಆಗೋದೂ ಕಷ್ಟ. ಪಾಲಿಯುರಿಥೇನನ್ನು ರೋಲರ್‌ನಲ್ಲಿ ಎಳೆದು, ಹಿಂದೆಯೇ ಬ್ರಷ್ ತುದಿಯಿಂದ ಸವರಿದೆ. ಬ್ರಷ್ ಗುರುತು ತಾನಾಗೇ ಕೂಡಿಕೊಂಡು ಕನ್ನಡಿಯಂತಾಯಿತು. ಪದರ ತೆಳು, ಆಳದ ಗೀರು ಬಿದ್ದರೆ ತೇಪೆ ಕಾಣುತ್ತದೆ. ನಾನು ಅದನ್ನೇ ಹಚ್ಚುತ್ತೇನೆ, ಆದರೆ ಸ್ಪ್ರೇ ಮಾಡೋದಿಲ್ಲ. ಸ್ಪ್ರೇ ಮಂಜಿನಲ್ಲಿರುವ ಐಸೊಸಯನೇಟ್ ಅನ್ನೋ ರಾಸಾಯನಿಕ ಶ್ವಾಸಕೋಶಕ್ಕೆ ಅಪಾಯ. ಹೊರಗಿನ ಗಾಳಿ ಕೊಡುವ ಮಾಸ್ಕ್ ಇಲ್ಲದೆ ಆ ಕೆಲಸಕ್ಕೆ ಇಳಿಯಬಾರದು.

ಮೋಟಾರ್ ಮಾತ್ರ ದೋಣಿ ನೀರಲ್ಲಿ ಇರುವಾಗಲೇ ತೀರ್ಮಾನಿಸಬೇಕಾದದ್ದು. ಈಗಿನ ಫೋರ್ ಸ್ಟ್ರೋಕ್ ಮೋಟಾರ್‌ಗಳು ಅಷ್ಟೇ ಶಕ್ತಿಯ ಹಳೆ ಟೂ ಸ್ಟ್ರೋಕ್‌ಗಿಂತ ಸಾಮಾನ್ಯವಾಗಿ ಭಾರ. ಈ ದೋಣಿ ರೂಪುಗೊಂಡದ್ದು ಹಗುರ ಮೋಟಾರ್ ಕಾಲದಲ್ಲಿ. ನಾನು ನೋಡಿದ ಎರಡು ಹೊಸ ಮೋಟಾರ್‌ಗಳಲ್ಲಿ ಒಂದು ಹಳೆಯದಕ್ಕಿಂತ 20 ಕೆ.ಜಿ. ಹೆಚ್ಚು, ಇನ್ನೊಂದು 60 ಕೆ.ಜಿ. ಹೆಚ್ಚು. ಡೆಕ್ ಕೀಳೋ ಹಿಂದಿನ ದಿನ 20 ಲೀಟರ್ ನೀರಿನ ಕ್ಯಾನ್‌ಗಳನ್ನು ಹಿಂಬದಿ ಗೋಡೆಗೆ ಒತ್ತಿ ಇಟ್ಟೆ. ಒಂದು ಕ್ಯಾನ್‌ಗೆ ಏನೂ ಆಗಲಿಲ್ಲ. ಎರಡನೆಯದಕ್ಕೆ ಡೆಕ್‌ನಿಂದ ನೀರು ಹೊರಹೋಗೋ ತೂತುಗಳು ನೀರಿನ ಮಟ್ಟ ಮುಟ್ಟಿದವು. ಮೂರನೆಯದನ್ನು ಇಟ್ಟಾಗ ಅದೇ ತೂತುಗಳಿಂದ ನೀರು ಒಳಗೆ ಬರತೊಡಗಿತು, ನನ್ನ ಕಾಲ್ಬೆರಳು ಒದ್ದೆಯಾಯಿತು. ಚೀಟಿಯಲ್ಲಿ ದೊಡ್ಡ ಮೋಟಾರ್‌ನ ಹೆಸರನ್ನು ಅಲ್ಲೇ ಹೊಡೆದು ಹಾಕಿದೆ.